ಕಾರಿನ ಕೆಳಗಿನ ಎಣ್ಣೆಯ ಕಲೆ

ನಿಂತಿದ್ದ ಮೋಟಾರು ಕಾರು ಹೊರಟುಹೋದ ಮೇಲೆ ಅದಿದ್ದ ಸ್ಥಳದಲ್ಲಿ ರೂಪಾಯಿಯಗಲದ ಕಪ್ಪು ಕಲೆಯೊಂದು ಉಳಿದಿರುವುದನ್ನು ನಾವೆಲ್ಲರೂ ಕಂಡಿರುತ್ತೇವೆ. ಅದು ಎಂಜಿನಿನ ಎಣ್ಣೆ. ‘ಹಳೆಯ ಗಾಡಿ, ಒಂದೆರಡು ಹನಿ ಸೋರುವುದು ಸಹಜ’ ಎಂದು ಹೇಳಿ ಮುಂದೆ ಹೋಗುವವರೇ ಹೆಚ್ಚು. ಆದರೆ ಭೌತವಿಜ್ಞಾನವನ್ನು ಓದುವವರಿಗೆ ಆ ಕಲೆ ಒಂದು ಪ್ರಶ್ನೆಯಾಗಿ ಕಾಣಬೇಕು. ಆ ಎಣ್ಣೆಯನ್ನು ಹೊರಕ್ಕೆ ತಳ್ಳಿದ ಬಲ ಯಾವುದು? ಅದನ್ನು ತಡೆಯಬೇಕಾಗಿದ್ದ ವಸ್ತು ಯಾವುದು? ಅದು ಏಕೆ ಸೋತಿತು?

ಕೆಲವು ವರ್ಷಗಳ ಹಿಂದೆ ನಮ್ಮ ಸಹೋದ್ಯೋಗಿಗಳೊಬ್ಬರು ಕುಟುಂಬಸಮೇತರಾಗಿ ಮಂಗಳೂರಿನಿಂದ ಸಕಲೇಶಪುರಕ್ಕೆ ಕಾರಿನಲ್ಲಿ ಹೊರಟರು. ಹಿಂದಿನ ದಿನವಷ್ಟೇ ಎಂಜಿನಿನ ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸಿಕೊಂಡಿದ್ದರು. ಗುಂಡ್ಯವನ್ನು ದಾಟಿ ಶಿರಾಡಿ ಘಾಟಿಯನ್ನು ಏರುತ್ತಿರುವಾಗ, ಎದುರಿನ ಫಲಕದಲ್ಲಿ ಎಣ್ಣೆಯ ಗಿಂಡಿಯ ಚಿತ್ರವಿರುವ ಕೆಂಪು ದೀಪ ಹೊತ್ತಿಕೊಂಡಿತು. ‘ನಿನ್ನೆಯಷ್ಟೇ ಹೊಸ ಎಣ್ಣೆ ಹಾಕಿಸಿದ್ದೇನೆ, ದೀಪದಲ್ಲೇ ಏನೋ ದೋಷವಿರಬೇಕು. ಮಾರನಹಳ್ಳಿ ಮುಟ್ಟಿದ ಮೇಲೆ ನೋಡಿದರಾಯಿತು’ ಎಂದುಕೊಂಡರು. ಮಾರನಹಳ್ಳಿಯನ್ನು ಮುಟ್ಟಲಾಗಲಿಲ್ಲ. ಎರಡು ಕಿಲೋಮೀಟರು ಸಾಗುವಷ್ಟರಲ್ಲಿ ಲೋಹಕ್ಕೆ ಲೋಹ ಬಡಿಯುವ ಸದ್ದಾಗಿ ಎಂಜಿನು ಹಿಡಿದುಕೊಂಡು ನಿಂತಿತು. ಅದನ್ನು ಸರಿಪಡಿಸಲು ಅವರ ಹಲವು ತಿಂಗಳ ಸಂಬಳ ವೆಚ್ಚವಾಯಿತು. ಇದಕ್ಕೆ ಕಾರಣವೇನೆಂಬುದನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು ಎಂಜಿನಿನಲ್ಲಿ ಎಣ್ಣೆಯ ಕೆಲಸವೇನೆಂಬುದನ್ನು ವಿಚಾರಿಸೋಣ.

ಎಣ್ಣೆಯ ಮೇಲೆ ತೇಲುವ ದಂಡ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದು. ಕೀಲೆಣ್ಣೆ ಒಣಗಿದ ಗಾಡಿ ಕಿರುಗುಟ್ಟುತ್ತದೆ, ಎತ್ತುಗಳಿಗೆ ಭಾರವಾಗುತ್ತದೆ, ಅಚ್ಚು ಬೇಗ ಸವೆಯುತ್ತದೆ. ಎಷ್ಟೇ ನಯವಾಗಿ ತೋರುವ ಮೇಲ್ಮೈಯಲ್ಲಿಯೂ ಕಣ್ಣಿಗೆ ಕಾಣದ ಏರುತಗ್ಗುಗಳಿರುತ್ತವೆ. ಎರಡು ಮೇಲ್ಮೈಗಳು ಒಂದನ್ನೊಂದು ಒತ್ತಿ ಚಲಿಸಿದಾಗ ಈ ಏರುಗಳು ಪರಸ್ಪರ ತಾಗಿ ಕಿತ್ತುಬರುತ್ತವೆ. ಘರ್ಷಣೆಯೂ ಸವೆತವೂ ಶಾಖವೂ ಹೀಗೆ ಉಂಟಾಗುತ್ತವೆ. ಗಾಡಿಯ ಚಕ್ರ ನಿಮಿಷಕ್ಕೆ ಸುಮಾರು ಹದಿನೈದು ಸುತ್ತು ತಿರುಗಿದರೆ, ಕಾರಿನ ಕ್ರ್ಯಾಂಕ್ ದಂಡ ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುತ್ತದೆ. ಇಷ್ಟು ವೇಗದಲ್ಲಿ ಲೋಹ ಲೋಹವನ್ನು ಮುಟ್ಟಿದರೆ ಎಂಜಿನು ಉಳಿಯುವುದು ಹೇಗೆ?

ಇದರ ಉತ್ತರ ದೊರೆತದ್ದು ಒಂದು ಸೋರಿಕೆಯಿಂದ. 1883ರಲ್ಲಿ ಬೀಚಮ್ ಟವರ್ ಎಂಬ ಎಂಜಿನಿಯರು ಇಂಗ್ಲೆಂಡಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗಾಗಿ ರೈಲುಗಾಡಿಯ ಅಚ್ಚಿನ ಬೇರಿಂಗುಗಳ ಘರ್ಷಣೆಯನ್ನು ಅಳೆಯುತ್ತಿದ್ದರು. ಅಚ್ಚಿನ ಕೆಳಭಾಗ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿತ್ತು. ಮೇಲ್ಭಾಗವನ್ನು ಹಿತ್ತಾಳೆಯ ಬೇರಿಂಗು ಒತ್ತುತ್ತಿತ್ತು. ಎಣ್ಣೆಯೂಡುವ ಉದ್ದೇಶದಿಂದ ಟವರ್ ಆ ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರವನ್ನು ಕೊರೆದರು. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಕ್ಕೆ ಇಳಿಯುವುದರ ಬದಲು ರಂಧ್ರದಿಂದ ಮೇಲಕ್ಕೆ ಉಕ್ಕಿತು. ಬಿರಡೆಯಿಂದ ಮುಚ್ಚಿದರೆ ಅದು ಹೊರಬಂದಿತು. ಮರದ ಬೆಣೆಯನ್ನು ಬಡಿದರೆ ಅದನ್ನೂ ಎಣ್ಣೆ ನಿಧಾನವಾಗಿ ಹೊರದಬ್ಬಿತು. ಒತ್ತಡಮಾಪಕವನ್ನು ಜೋಡಿಸಿದಾಗ ಅದರ ಮುಳ್ಳು ತನ್ನ ಮಿತಿಯಾದ ಚದರ ಅಂಗುಲಕ್ಕೆ 200 ಪೌಂಡನ್ನೂ ಮೀರಿತು. ಬೇರಿಂಗಿನ ಮೇಲಿದ್ದ ಸರಾಸರಿ ಭಾರವಾದರೋ ಚದರ ಅಂಗುಲಕ್ಕೆ ನೂರು ಪೌಂಡು ಮಾತ್ರ.

ಇದರ ಅರ್ಥ ಸ್ಪಷ್ಟವಾಗಿತ್ತು: ಅಚ್ಚು ಬೇರಿಂಗನ್ನು ಮುಟ್ಟುತ್ತಲೇ ಇರಲಿಲ್ಲ. ತಿರುಗುವ ಅಚ್ಚು ತನಗೆ ಅಂಟಿದ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಯೊಳಕ್ಕೆ ಎಳೆದುಕೊಂಡು ಹೋಗುತ್ತದೆ. ಇಕ್ಕಟ್ಟಿನಲ್ಲಿ ಸಿಕ್ಕಿದ ಎಣ್ಣೆಯ ಒತ್ತಡ ಏರುತ್ತದೆ. ಆ ಒತ್ತಡವೇ ಭಾರವನ್ನು ಹೊರುತ್ತದೆ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಈ ವಿಷಯಕ್ಕೆ ಗಣಿತದ ಆಧಾರವನ್ನು ಒದಗಿಸಿದರು. ಕಾರಿನ ಕ್ರ್ಯಾಂಕ್ ದಂಡವೂ ಹೀಗೆಯೇ ತೇಲುತ್ತ ತಿರುಗುತ್ತದೆ. ಅದನ್ನು ಹೊರುವ ಪದರದ ದಪ್ಪ ಅತಿ ಕಿರಿದಾದೆಡೆಯಲ್ಲಿ ಕೆಲವೇ ಮೈಕ್ರಾನು. ನಮ್ಮ ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನು.

ಈ ಪದರಕ್ಕೆ ಎಣ್ಣೆ ಎಡೆಬಿಡದೆ ಬರುತ್ತಿರಬೇಕು. ಅದಕ್ಕಾಗಿ ಎಂಜಿನಿನ ತಳದ ಸಂಪಿನಿಂದ ಒಂದು ಪಂಪು ಎಣ್ಣೆಯನ್ನು ಎತ್ತಿ ಫಿಲ್ಟರಿನ ಮೂಲಕ ಹಾಯಿಸಿ, ಕೊರೆದ ನಾಳಗಳಲ್ಲಿ ಬೇರಿಂಗುಗಳಿಗೆ ಕಳುಹಿಸುತ್ತದೆ. ಓಡುತ್ತಿರುವ ಎಂಜಿನಿನಲ್ಲಿ ಈ ಎಣ್ಣೆಯ ಒತ್ತಡ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 2ರಿಂದ 5 ಕಿಲೋಗ್ರಾಂ ಇರುತ್ತದೆ. ಪದರ ತೆಳುವಾಗಿರುವುದರಿಂದ ಎಣ್ಣೆಯಲ್ಲಿನ ಸಣ್ಣ ಕಣವೂ ಬೇರಿಂಗನ್ನು ಗೀರಬಲ್ಲದು. ಆದುದರಿಂದಲೇ ಫಿಲ್ಟರು ಅವಶ್ಯಕ. ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ 1923ರಲ್ಲಿ ರೂಪಿಸಿದ ‘ಪ್ಯೂರೊಲೇಟರ್’ ಕಾರಿನ ಎಣ್ಣೆ ಫಿಲ್ಟರುಗಳಲ್ಲಿ ಮೊದಲಿನದು.

ಎಣ್ಣೆಯನ್ನು ಏಕೆ ಬದಲಾಯಿಸಬೇಕು?

ಸೋರದಿದ್ದರೂ ಎಣ್ಣೆಯನ್ನು ಬದಲಾಯಿಸಲೇಬೇಕು. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ. ಅದರ ಬಹುಭಾಗ ಆವಿಯಾಗಿ ಹೊಗೆಕೊಳವೆಯಿಂದ ಹೊರಹೋದರೂ, ಸ್ವಲ್ಪ ಭಾಗ ಪಿಸ್ಟನ್ನಿನ ಉಂಗುರಗಳ ಸಂದಿಯಿಂದ ಮಸಿ, ಆಮ್ಲಗಳು ಮತ್ತು ಉರಿಯದ ಪೆಟ್ರೋಲಿನೊಡನೆ ಎಣ್ಣೆಗೆ ಇಳಿಯುತ್ತದೆ. ದೂರ ಓಡುವ ಕಾರಿನಲ್ಲಿ ಎಂಜಿನು ಚೆನ್ನಾಗಿ ಕಾಯುವುದರಿಂದ ಈ ನೀರು ಆವಿಯಾಗಿ ಹೋಗುತ್ತದೆ. ಮನೆಯಿಂದ ಪೇಟೆಗೆ ಮಾತ್ರ ಹೋಗಿಬರುವ ಕಾರಿನಲ್ಲಿ ಅದು ಉಳಿದುಕೊಳ್ಳುತ್ತದೆ. ಇದಲ್ಲದೆ ಬಿಸಿ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಉತ್ಕರ್ಷಣ ಹೊಂದಿ ಮಂದವಾಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಇಂಥ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ. ಮಸಿಯನ್ನು ತೇಲಿಸಿಡಲೂ ಆಮ್ಲವನ್ನು ಅಡಗಿಸಲೂ ಎಣ್ಣೆಗೆ ಬೆರೆಸಿರುವ ರಾಸಾಯನಿಕಗಳು ಕ್ರಮೇಣ ಖರ್ಚಾಗಿಹೋಗುತ್ತವೆ. ಫಿಲ್ಟರು ಕಣಗಳನ್ನು ಹಿಡಿಯಬಲ್ಲದೇ ಹೊರತು ಈ ರಾಸಾಯನಿಕ ಮುಪ್ಪನ್ನು ತಡೆಯಲಾರದು. ಅನೇಕ ತಯಾರಕರು 10,000 ಕಿಲೋಮೀಟರು ಅಥವಾ ಒಂದು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಅದರಂತೆ ಬದಲಾಯಿಸಬೇಕೆಂದು ಹೇಳುವುದು ಇದಕ್ಕಾಗಿಯೇ. ಎಣ್ಣೆ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದು ತಿಳಿಯಬಾರದು. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಂಡು ಅದು ತನ್ನ ಕೆಲಸವನ್ನು ಮಾಡುತ್ತಿದೆ ಎಂದೂ ಅದರ ಅರ್ಥವಾಗಬಹುದು.

ರಬ್ಬರಿನ ಬಳೆ

ಈಗ ಫಿಲ್ಟರು ಕೂರುವ ಗೂಡಿನ ಕಡೆಗೆ ಗಮನ ಕೊಡೋಣ. ಕೆಲವು ಎಂಜಿನುಗಳಲ್ಲಿ ತಗಡಿನ ಡಬ್ಬಿಯಂತಿರುವ ಫಿಲ್ಟರನ್ನೇ ತಿರುಪಿ ಕೂರಿಸುತ್ತಾರೆ. ಅದರ ಬಾಯಿಗೆ ಚಪ್ಪಟೆಯಾದ ರಬ್ಬರಿನ ಬಳೆಯಿರುತ್ತದೆ. ಇನ್ನು ಕೆಲವುಗಳಲ್ಲಿ ಅಲ್ಯೂಮಿನಿಯಮಿನ ಅಥವಾ ಪ್ಲಾಸ್ಟಿಕ್ಕಿನ ಗೂಡೊಂದನ್ನು ಎಂಜಿನಿಗೆ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಒಳಗಿನ ಕಾಗದದ ಫಿಲ್ಟರು ಮಾತ್ರ ಬದಲಾಗುತ್ತದೆ. ಇಲ್ಲಿ ಮುಚ್ಚಳಕ್ಕೊಂದು ಬಳೆ, ಗೂಡಿಗೂ ಎಂಜಿನಿಗೂ ನಡುವೆ ಒಂದು ಗ್ಯಾಸ್ಕೆಟ್ಟು ಇರುತ್ತವೆ. ಎಂಜಿನಿನ ಮೇಲ್ಮುಚ್ಚಳದ ಕೆಳಗೆ ಎಣ್ಣೆ ಸುಮ್ಮನೆ ಚಿಮುಕುತ್ತದೆ. ಆದರೆ ಫಿಲ್ಟರಿನ ಗೂಡಿನಲ್ಲಿ ಅದು ಪಂಪಿನ ಪೂರ್ಣ ಒತ್ತಡದಲ್ಲಿರುತ್ತದೆ. ಏಳು ಸೆಂಟಿಮೀಟರು ವ್ಯಾಸದ ಬಾಯಿಯ ವಿಸ್ತೀರ್ಣ ಸುಮಾರು 38 ಚದರ ಸೆಂಟಿಮೀಟರು. ಒತ್ತಡ 4 ಕಿಲೋಗ್ರಾಂ ಇದ್ದರೆ, ಫಿಲ್ಟರನ್ನು ಹೊರಕ್ಕೆ ತಳ್ಳುವ ಬಲ ಸುಮಾರು 150 ಕಿಲೋಗ್ರಾಂ ತೂಕಕ್ಕೆ, ಅಂದರೆ ಇಬ್ಬರು ವಯಸ್ಕರ ಭಾರಕ್ಕಿಂತಲೂ ಹೆಚ್ಚಿನದಕ್ಕೆ ಸಮ. ಈ ಬಲವನ್ನು ತಿರುಪು ತಡೆಯುತ್ತದೆ. ಎಣ್ಣೆ ನುಸುಳದಂತೆ ನೋಡಿಕೊಳ್ಳುವುದು ರಬ್ಬರಿನ ಕೆಲಸ.

ಗುಂಡನೆಯ ಅಡ್ಡಕೊಯ್ತವಿರುವ ಓ-ರಿಂಗಿಗೆ ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನೀಲ್ಸ್ ಕ್ರಿಸ್ಟೆನ್‌ಸೆನ್ 1939ರಲ್ಲಿ ಪೇಟೆಂಟು ಪಡೆದರು. ಅದರ ಗುಣ ಸೋಜಿಗದ್ದು. ಎಣ್ಣೆಯ ಒತ್ತಡ ಹೆಚ್ಚಿದಂತೆಲ್ಲ ಅದು ತನ್ನ ಕಾಲುವೆಯ ಮೂಲೆಗೆ ಒತ್ತಲ್ಪಟ್ಟು ಸಂದಿಯನ್ನು ಇನ್ನಷ್ಟು ಭದ್ರವಾಗಿ ಮುಚ್ಚುತ್ತದೆ. ಆದರೆ ಇದು ರಬ್ಬರಿನ ಸ್ಥಿತಿಸ್ಥಾಪಕತ್ವವನ್ನು ಅವಲಂಬಿಸಿದೆ. ಒತ್ತಿದ ರಬ್ಬರು ಮತ್ತೆ ಉಬ್ಬಲು ಯತ್ನಿಸುತ್ತಿರುವವರೆಗೆ ಮಾತ್ರ ಅದು ಲೋಹವನ್ನು ಬಿಡದೆ ಅಪ್ಪಿಕೊಂಡಿರುತ್ತದೆ. 1986ರಲ್ಲಿ ಚಾಲೆಂಜರ್ ಗಗನನೌಕೆ ನಾಶವಾದಾಗ, ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಓ-ರಿಂಗಿನ ರಬ್ಬರಿನ ತುಂಡೊಂದನ್ನು ಹಿಸುಕಿ ಹಿಮದ ನೀರಿನಲ್ಲಿ ಅದ್ದಿ, ತಣಿದ ರಬ್ಬರು ತಕ್ಷಣ ಉಬ್ಬುವುದಿಲ್ಲವೆಂಬುದನ್ನು ತೋರಿಸಿಕೊಟ್ಟರು. ಅಲ್ಲಿ ಚಳಿ ಮಾಡಿದ್ದನ್ನು ಎಂಜಿನಿನಲ್ಲಿ ಶಾಖ ವರ್ಷಗಳ ಕಾಲಾವಧಿಯಲ್ಲಿ ಮಾಡುತ್ತದೆ. ದಿನವೂ ನೂರು ಡಿಗ್ರಿಯಷ್ಟು ಕಾದು ತಣಿಯುವ ರಬ್ಬರಿನ ಅಣುಸರಪಳಿಗಳ ನಡುವೆ ಹೊಸ ಬಂಧಗಳು ಏರ್ಪಟ್ಟು ಅದು ಗಡುಸಾಗುತ್ತದೆ. ಚಪ್ಪಟೆಯಾದುದು ಚಪ್ಪಟೆಯಾಗಿಯೇ ಉಳಿಯುತ್ತದೆ. ಹಳೆಯ ಗ್ಯಾಸ್ಕೆಟ್ಟನ್ನು ಕಿತ್ತು ಬಗ್ಗಿಸಿದರೆ ಪಟ್ಟನೆ ಮುರಿಯುವುದೂ ಉಂಟು.

ಬಿ.ಎಂ.ಡಬ್ಲ್ಯು. ಕಾರುಗಳ ಕೆಲವು ಆರು ಸಿಲಿಂಡರಿನ ಎಂಜಿನುಗಳಲ್ಲಿ ಹೀಗೆ ಗಡುಸಾದ ಗ್ಯಾಸ್ಕೆಟ್ಟಿನಿಂದ ಜಿನುಗುವ ಎಣ್ಣೆ ಕೆಳಗಿನ ರಬ್ಬರು ಪಟ್ಟಿಯ ಮೇಲೆ ಬಿದ್ದು, ಆ ಬೆಲ್ಟು ಜಾರಿಹೋಗಲು ಕಾರಣವಾಗುವುದನ್ನು ಮೆಕ್ಯಾನಿಕ್ಕುಗಳು ಚೆನ್ನಾಗಿ ಬಲ್ಲರು. ಕ್ರೈಸ್ಲರ್ ಕಂಪನಿಯ 3.6 ಲೀಟರಿನ ‘ಪೆಂಟಾಸ್ಟಾರ್’ ಎಂಜಿನಿನಲ್ಲಿ ಪ್ಲಾಸ್ಟಿಕ್ಕಿನ ಗೂಡು ಸಿಲಿಂಡರುಗಳ ಎರಡು ಸಾಲುಗಳ ನಡುವಿನ ಕಣಿವೆಯಲ್ಲಿದೆ. ಅಲ್ಲಿ ಸೋರಿದ ಎಣ್ಣೆ ಹಿಂದಕ್ಕೆ ಹರಿದು ಗೇರುಪೆಟ್ಟಿಗೆಯ ಬಳಿ ತೊಟ್ಟಿಕ್ಕುವುದರಿಂದ, ದೋಷ ಬೇರೆಲ್ಲಿಯೋ ಇದೆಯೆಂಬ ಭ್ರಮೆಯುಂಟಾಗುತ್ತದೆ. ಎಣ್ಣೆ ಕೆಳಕ್ಕೆ ಹರಿಯುತ್ತದೆ, ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದಕಾರಣ ಎಂಜಿನನ್ನು ಒರಸಿ, ಸ್ವಲ್ಪ ಹೊತ್ತು ಓಡಿಸಿ, ಒದ್ದೆಯಾದ ಸ್ಥಳಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಹುಡುಕಬೇಕು. ಸೋರಿಕೆಯ ಮೂಲ ಅಲ್ಲಿರುತ್ತದೆ.

ಸಣ್ಣ ಸಂದಿಯ ದೊಡ್ಡ ಲೆಕ್ಕ

ತೆಳುವಾದ ಸಂದಿಯಲ್ಲಿ ದ್ರವ ಹರಿಯುವ ಪ್ರಮಾಣ ಒತ್ತಡಕ್ಕೆ ಅನುಲೋಮವಾಗಿಯೂ ಸ್ನಿಗ್ಧತೆಗೆ ವಿಲೋಮವಾಗಿಯೂ ಇರುತ್ತದೆ. ಸಂದಿಯ ಅಗಲದ ಘನವನ್ನು ಅದು ಅನುಸರಿಸುತ್ತದೆ. ಸಂದಿ ಎರಡರಷ್ಟಾದರೆ ಸೋರಿಕೆ ಎಂಟರಷ್ಟಾಗುತ್ತದೆ, ಮೂರರಷ್ಟಾದರೆ ಇಪ್ಪತ್ತೇಳರಷ್ಟು. ಸಾಮಾನ್ಯ ಎಂಜಿನ್ ಎಣ್ಣೆಯ ಸ್ನಿಗ್ಧತೆ 40 ಡಿಗ್ರಿ ಸೆಂಟಿಗ್ರೇಡಿನಲ್ಲಿರುವುದಕ್ಕಿಂತ 100 ಡಿಗ್ರಿಯಲ್ಲಿ ಸುಮಾರು ಆರನೆಯ ಒಂದು ಪಾಲಿಗೆ ಇಳಿದಿರುತ್ತದೆ. ಆದುದರಿಂದ ಮನೆಯ ಮುಂದೆ ಜಿನುಗುವ ಎಣ್ಣೆ ಘಾಟಿಯ ಏರಿನಲ್ಲಿ ಹರಿಯಬಹುದು. ಇಂದಿನ ಸಣ್ಣ ಸೋರಿಕೆ ಇಷ್ಟೇ ಆಗಿ ಉಳಿಯುತ್ತದೆಂದು ನಂಬಲಾಗದು.

ಓಡುತ್ತಿರುವ ಎಂಜಿನಿನಿಂದ ಸೆಕೆಂಡಿಗೆ ಒಂದೊಂದೇ ಹನಿ ಬೀಳುತ್ತಿದೆಯೆನ್ನೋಣ. ಮೂವತ್ತು ಹನಿಗೆ ಒಂದು ಮಿಲಿಲೀಟರಿನಂತೆ ಗಂಟೆಗೆ 120 ಮಿಲಿಲೀಟರು ಹೋಗುತ್ತದೆ. ಅನೇಕ ಕಾರುಗಳ ಡಿಪ್‌ಸ್ಟಿಕ್ಕಿನ ಎರಡು ಗುರುತುಗಳ ನಡುವಿನ ಅಂತರ ಸುಮಾರು ಒಂದು ಲೀಟರು. ಎಂಟು ಗಂಟೆಗಳ ಪ್ರಯಾಣದಲ್ಲಿ ಎಣ್ಣೆ ಮೇಲಿನ ಗುರುತಿನಿಂದ ಕೆಳಗಿನದಕ್ಕೆ ಇಳಿದುಬಿಡುತ್ತದೆ. ಆದರೂ ಕೆಂಪು ದೀಪ ಹೊತ್ತುವುದಿಲ್ಲ! ಅದು ಎಣ್ಣೆಯ ಮಟ್ಟವನ್ನು ಅಳೆಯದೆ ಒತ್ತಡವನ್ನು ಅಳೆಯುತ್ತದೆ. ಪಂಪಿನ ಬಾಯಿ ಎಣ್ಣೆಯಲ್ಲಿ ಮುಳುಗಿರುವವರೆಗೂ ಒತ್ತಡ ಸರಿಯಾಗಿಯೇ ಇರುತ್ತದೆ. ಪಂಪು ಗಾಳಿಯನ್ನು ಹೀರಿದೊಡನೆ ಒತ್ತಡ ಕುಸಿಯುತ್ತದೆ. ಅದು ಚದರ ಸೆಂಟಿಮೀಟರಿಗೆ ಸುಮಾರು ಅರ್ಧ ಕಿಲೋಗ್ರಾಮಿಗಿಂತ ಕೆಳಗಿಳಿದಾಗ ದೀಪ ಹೊತ್ತುತ್ತದೆ. ಆ ವೇಳೆಗೆ ಟವರ್ ಕಂಡ ಪದರ ಹರಿದುಹೋಗುತ್ತಿರುತ್ತದೆ. ಕೆಂಪು ದೀಪ ಮುನ್ನೆಚ್ಚರಿಕೆಯಲ್ಲ, ಕೊನೆಯ ಎಚ್ಚರಿಕೆ. ಕಾರನ್ನು ಅಲ್ಲಿಯೇ ಬದಿಗೆ ನಿಲ್ಲಿಸಿ ಎಂಜಿನನ್ನು ಆರಿಸಬೇಕು.

ನಮ್ಮ ಸಹೋದ್ಯೋಗಿಗಳ ಎಂಜಿನನ್ನು ಬಿಚ್ಚಿದಾಗ ಫಿಲ್ಟರಿನ ಬಾಯಲ್ಲಿ ಒಂದರ ಮೇಲೊಂದು ಎರಡು ರಬ್ಬರು ಬಳೆಗಳಿದ್ದವು. ಹಳೆಯ ಫಿಲ್ಟರನ್ನು ತೆಗೆದಾಗ ಅದರ ಬಳೆ ಎಂಜಿನಿಗೇ ಅಂಟಿಕೊಂಡು ಉಳಿದಿತ್ತು; ಅದನ್ನು ಗಮನಿಸದೆ ಹೊಸದನ್ನು ಅದರ ಮೇಲೆಯೇ ತಿರುಪಿದ್ದರು. ಬಯಲುದಾರಿಯಲ್ಲಿ ಹೇಗೋ ನಿಂತಿದ್ದ ಎರಡು ಬಳೆಗಳು ಏರಿನಲ್ಲಿ ಎಂಜಿನಿನ ವೇಗ ಹೆಚ್ಚಿದಾಗ ಒಂದರ ಮೇಲೊಂದು ಜಾರಿ, ಎಣ್ಣೆಯೆಲ್ಲ ರಸ್ತೆಗೆ ಚೆಲ್ಲಿತು. ಕೆಲವೇ ರೂಪಾಯಿ ಬೆಲೆಯ ರಬ್ಬರು, ಒಂದು ನಿಮಿಷದ ಪರಿಶೀಲನೆ—ಇಷ್ಟರಿಂದ ಎಂಜಿನು ಉಳಿಯುತ್ತಿತ್ತು.

ಆದುದರಿಂದ ಎಣ್ಣೆಯನ್ನು ಬದಲಾಯಿಸುವಾಗ ಹತ್ತಿರ ನಿಂತು ನೋಡುವುದು ಒಳ್ಳೆಯದು. ತೆಗೆದ ಫಿಲ್ಟರಿನೊಡನೆ ಅದರ ಬಳೆಯೂ ಬಂದಿದೆಯೇ? ಕೂರುವ ಜಾಗವನ್ನು ಒರಸಿದರೇ? ಹೊಸ ಬಳೆಗೆ ಎಣ್ಣೆ ಸವರಿದರೇ? ಡಬ್ಬಿಯ ಫಿಲ್ಟರನ್ನು ಬಳೆ ತಾಗಿದ ಮೇಲೆ ಕೈಯಿಂದಲೇ ಸುಮಾರು ಮುಕ್ಕಾಲು ಸುತ್ತು ಬಿಗಿದರೆ ಸಾಕು. ಪ್ಲಾಸ್ಟಿಕ್ಕಿನ ಮುಚ್ಚಳಕ್ಕೆ ಅನೇಕ ತಯಾರಕರು 25 ನ್ಯೂಟನ್-ಮೀಟರಿನಷ್ಟು ಬಿಗಿತವನ್ನು ಮಾತ್ರ ವಿಧಿಸುತ್ತಾರೆ. ಹೆಚ್ಚು ಬಿಗಿದರೆ ರಬ್ಬರು ಹರಿಯುತ್ತದೆ, ಮುಚ್ಚಳ ಸೀಳುತ್ತದೆ. ಅನಂತರ ಎಂಜಿನನ್ನು ಎರಡು ನಿಮಿಷ ಓಡಿಸಿ ಕೆಳಗೆ ಬಗ್ಗಿ ನೋಡಬೇಕು. ತೆಗೆದ ಎಣ್ಣೆಯನ್ನು ಚರಂಡಿಗೆ ಸುರಿಯಬಾರದು. ಕಾನೂನಿನ ಪ್ರಕಾರವೂ ಅದು ಅಪಾಯಕಾರಿ ತ್ಯಾಜ್ಯ.

ತನ್ನ ಬೆಣೆಯನ್ನು ಎಣ್ಣೆ ಹೊರದಬ್ಬಿದಾಗ ಟವರ್ ಇನ್ನೂ ದೊಡ್ಡ ಬೆಣೆಯನ್ನು ಬಡಿದು ಸುಮ್ಮನಾಗಬಹುದಾಗಿತ್ತು. ಅವರು ಹಾಗೆ ಮಾಡದೆ ಒತ್ತಡಮಾಪಕವನ್ನು ತಂದರು. ನಾಳೆ ಬೆಳಿಗ್ಗೆ ನಮ್ಮ ಮನೆಯ ಕಾರಿನ ಕೆಳಗೆ ಹೊಸದೊಂದು ಕಲೆ ಕಂಡರೆ, ನಾವೂ ಬಗ್ಗಿ ನೋಡಿ ಡಿಪ್‌ಸ್ಟಿಕ್ಕನ್ನು ಕೈಗೆ ತೆಗೆದುಕೊಳ್ಳೋಣ.