ವಿಚಾರಣೆಯ ವೇಳೆ ಲ್ಯಾಪ್‌ಟಾಪಿನ ಧ್ವನಿ ತುಂಡಾದರೆ

ಸರಕು ಮತ್ತು ಸೇವಾ ತೆರಿಗೆಯ ಪ್ರಕರಣಗಳಲ್ಲಿ ಖುದ್ದು ವಿಚಾರಣೆಯನ್ನು ವೀಡಿಯೊ ಮೂಲಕ ನಡೆಸುವ ಪದ್ಧತಿಯು 2020ರಿಂದೀಚೆಗೆ ವ್ಯಾಪಕವಾಗಿ ಬಳಕೆಗೆ ಬಂದಿದೆ. ಸಕಾರಣವಿದ್ದಲ್ಲಿ ವಿಚಾರಣೆಯನ್ನು ಮುಂದೂಡಬಹುದಾದರೂ, ಸಿಜಿಎಸ್‌ಟಿ ಕಾಯ್ದೆಯ 75(5)ನೇ ಕಲಮಿನ ಪ್ರಕಾರ ಮೂರಕ್ಕಿಂತ ಹೆಚ್ಚು ಬಾರಿ ಮುಂದೂಡಿಕೆ ದೊರೆಯುವುದಿಲ್ಲ. ಅಧಿಕಾರಿಯ ಪ್ರಶ್ನೆ ಬಿಟ್ಟುಬಿಟ್ಟು ಕೇಳಿಸಿತೆಂಬ ಕಾರಣಕ್ಕೆ ಈ ಮೂರರಲ್ಲಿ ಒಂದನ್ನು ಕಳೆದುಕೊಳ್ಳುವುದು ವರ್ತಕರಿಗೆ ದುಬಾರಿ. ಅರ್ಧ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟುಬಿಡುವುದು ಇನ್ನೂ ದುಬಾರಿ.

ಧ್ವನಿ ತುಂಡಾದೊಡನೆ ಇಂಟರ್‌ನೆಟ್ ಸಂಪರ್ಕವನ್ನು ದೂರುವುದು ರೂಢಿ. ಆದರೆ ದೋಷವು ಯಂತ್ರದೊಳಗೇ ಇರುವುದೂ ಉಂಟು. ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಸುಲಭವಾದುದು. ಲ್ಯಾಪ್‌ಟಾಪಿನಲ್ಲಿಯೇ ಉಳಿಸಿಟ್ಟ ಒಂದು ಹಾಡನ್ನು ವೈ-ಫೈ ಆರಿಸಿ ಕೇಳಬೇಕು. ಅನಂತರ ವೈ-ಫೈ ಹಾಕಿ ಅದನ್ನೇ ಕೇಳಬೇಕು. ಎರಡು ಸಲವೂ ಹಾಡು ಸರಾಗವಾಗಿದ್ದು ಕರೆಯಲ್ಲಿ ಮಾತ್ರ ಧ್ವನಿ ತುಂಡಾದರೆ ಮೊದಲು ಸಂಪರ್ಕವನ್ನು ಪರಿಶೀಲಿಸಬೇಕು. ಎರಡು ಸಲವೂ ಹಾಡು ಕೆಟ್ಟರೆ ದೋಷ ಯಂತ್ರದ್ದು. ವೈ-ಫೈ ಹಾಕಿದಾಗ ಮಾತ್ರ ಕೆಟ್ಟರೆ ವೈ-ಫೈ ಡ್ರೈವರ್ ಮೇಲೆ ಸಂಶಯ ತಾಳುವುದು ಯುಕ್ತ.

ಇದಕ್ಕೆ ಕಾರಣವನ್ನು ಕಾರ್ಖಾನೆಯ ಭಾಷೆಯಲ್ಲಿಯೇ ಹೇಳಬಹುದು. ಗಣಕಯಂತ್ರದಲ್ಲಿ ಧ್ವನಿಯು ಸಾಮಾನ್ಯವಾಗಿ ಸೆಕೆಂಡಿಗೆ 48,000 ಅಂಕಿಗಳಾಗಿ ಹರಿಯುತ್ತದೆ. ಇವನ್ನು ಚಿಕ್ಕ ಚಿಕ್ಕ ಕಂತುಗಳಲ್ಲಿ ಒದಗಿಸಲಾಗುತ್ತದೆ; 10 ಮಿಲಿಸೆಕೆಂಡಿನ ಒಂದು ಕಂತಿನಲ್ಲಿ 480 ಅಂಕಿಗಳಿರುತ್ತವೆ. ಒಂದು ಕಂತು ಮುಗಿಯುವುದರೊಳಗೆ ಮುಂದಿನದು ಸಿದ್ಧವಿರಬೇಕು. ಕಚ್ಚಾಮಾಲು ತಡವಾದರೆ ಯಂತ್ರ ಸುಮ್ಮನೆ ನಿಲ್ಲುವಂತೆ, ಕಂತು ತಡವಾದರೆ ಧ್ವನಿವರ್ಧಕದಿಂದ ಮೌನವೋ ಚಟಪಟ ಸದ್ದೋ ಬರುತ್ತದೆ. ಆದುದರಿಂದ ದಿನವಿಡೀ ಲೆಕ್ಕಪತ್ರದ ಕೆಲಸವನ್ನು ಚೆನ್ನಾಗಿಯೇ ಮಾಡುವ ಲ್ಯಾಪ್‌ಟಾಪು ಧ್ವನಿಯಲ್ಲಿ ಸೋಲುವುದು ಆಶ್ಚರ್ಯವಲ್ಲ. ಲೆಕ್ಕ ಅರ್ಧ ಸೆಕೆಂಡು ತಡವಾದರೆ ಯಾರ ಗಮನಕ್ಕೂ ಬಾರದು.

ಕಂತನ್ನು ತಡಮಾಡುವವರು ಹಲವರು. ವಿಚಾರಣೆಯ ಹೊತ್ತಿಗೇ ಆರಂಭವಾಗುವ ಬ್ಯಾಕಪ್, ವೈರಸ್ ತಪಾಸಣೆ, ವಿಂಡೋಸ್ ಅಪ್‌ಡೇಟ್‌ಗಳನ್ನು ಟಾಸ್ಕ್ ಮ್ಯಾನೇಜರಿನಲ್ಲಿ ಗುರುತಿಸಬಹುದು. ಬ್ಯಾಟರಿ ಉಳಿತಾಯದ ವ್ಯವಸ್ಥೆಯು ಪ್ರೊಸೆಸರಿನ ವೇಗವನ್ನು ತಗ್ಗಿಸುವುದರಿಂದ ಚಾರ್ಜರ್ ಜೋಡಿಸಿ, ಆ ವ್ಯವಸ್ಥೆಯನ್ನು ತೆಗೆದಿಡುವುದು ಲೇಸು. ಸೌಂಡ್ ಸೆಟ್ಟಿಂಗ್‌ನಲ್ಲಿ ಧ್ವನಿಯನ್ನು ಅಂದಗೊಳಿಸಲೆಂದು ಇರುವ ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್ ಕೆಲವೊಮ್ಮೆ ಕೆಡಿಸುವುದೇ ಹೆಚ್ಚು. ಅದನ್ನೂ ಆರಿಸಿ ನೋಡಬೇಕು. ಇಷ್ಟಕ್ಕೂ ಬಗ್ಗದಿದ್ದರೆ ದೋಷ ಡ್ರೈವರುಗಳಲ್ಲಿರಬಹುದು. ಯಾವ ಡ್ರೈವರ್ ಪ್ರೊಸೆಸರನ್ನು ಹಿಡಿದಿಟ್ಟುಕೊಂಡಿದೆಯೆಂಬುದನ್ನು ಲೇಟೆನ್ಸಿಮಾನ್ ಎಂಬ ತಂತ್ರಾಂಶ ತೋರಿಸುತ್ತದೆ. ಅದರ ಹೊಸ ಆವೃತ್ತಿಯನ್ನು ಲ್ಯಾಪ್‌ಟಾಪ್ ತಯಾರಕರ ತಾಣದಿಂದಲೇ ಪಡೆಯತಕ್ಕದ್ದು.

ಬ್ಲೂಟೂತ್ ಹೆಡ್‌ಫೋನಿನ ವಿಷಯ ಬೇರೆ. ಅದು ಬಳಸುವುದು 2.4 ಗಿಗಾಹರ್ಟ್ಸ್ ತರಂಗಪಟ್ಟಿ. ವೈ-ಫೈ ಕೂಡ ಅಲ್ಲಿಯೇ ಇದ್ದರೆ ಎರಡಕ್ಕೂ ತಿಕ್ಕಾಟವಾಗಬಹುದು. ತಂತಿಯ ಇಯರ್‌ಫೋನ್ ಹಾಕಿದೊಡನೆ ದೋಷ ಮಾಯವಾದರೆ ಹೆಚ್ಚಿನ ತನಿಖೆ ಅನವಶ್ಯಕ. ಸವಕಳಿಯ ಲಾಭ ತೋರಿಸಿ ಹೊಸ ಲ್ಯಾಪ್‌ಟಾಪಿಗೆ ಸಲಹೆ ಕೊಡುವವರಿಗೆ ಅಭಾವವಿಲ್ಲ. ಸವಕಳಿ ಎಷ್ಟೇ ದೊರೆತರೂ ಹಣ ಹೋಗುವುದು ಕೊಳ್ಳುವವನ ಕೈಯಿಂದಲೇ.

ದೋಷ ಸಂಪರ್ಕದ್ದಾದರೆ ರೂಟರಿನಿಂದ ನೇರವಾಗಿ ಕೇಬಲ್ ಎಳೆಯುವುದು ಉತ್ತಮ. ಸಿಸಿಟಿವಿ ದೃಶ್ಯಗಳು ಅದೇ ಸಂಪರ್ಕದ ಮೂಲಕ ಹೊರಗೆ ರವಾನೆಯಾಗುತ್ತಿದ್ದರೆ ಆ ಒಂದು ಗಂಟೆ ಅದನ್ನು ನಿಲ್ಲಿಸಬಹುದು.

ಈ ಪರೀಕ್ಷೆಗಳನ್ನೆಲ್ಲ ವಿಚಾರಣೆಯ ಹಿಂದಿನ ದಿನವೇ ಮುಗಿಸಿ, ಮೊಬೈಲಿನಲ್ಲಿಯೂ ಅದೇ ಕೊಂಡಿಯನ್ನು ಸಿದ್ಧವಾಗಿಟ್ಟಿರಬೇಕು. ಮಾತು ಕೇಳಿಸದಿದ್ದಲ್ಲಿ ಅದನ್ನು ಆಗಲೇ ಅಧಿಕಾರಿಯ ಗಮನಕ್ಕೆ ತರಬೇಕು. ಕೇಂದ್ರ ಪರೋಕ್ಷ ತೆರಿಗೆಗಳ ಮಂಡಳಿಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ವಿಚಾರಣೆಯ ದಾಖಲೆಯು ಇ-ಮೇಲ್ ಮೂಲಕ ಬರುತ್ತದೆ. ತಲುಪಿದ 3 ದಿನಗಳೊಳಗೆ ತಿದ್ದುಪಡಿ ಕಳುಹಿಸದಿದ್ದರೆ ಅದರಲ್ಲಿರುವುದನ್ನು ಒಪ್ಪಿದಂತೆಯೇ ಭಾವಿಸಲಾಗುತ್ತದೆ.