ದಾಖಲಾಗದ ದೂರುಗಳು: ಕೌಟುಂಬಿಕ ಹಿಂಸೆಗೆ ಒಳಗಾದ ಮಹಿಳೆ ಪೊಲೀಸ್ ಠಾಣೆಗೆ ಏಕೆ ಹೋಗುವುದಿಲ್ಲ

ಬುಕ್ಕಸಾಗರದಂತಹ ಗ್ರಾಮದಲ್ಲಿ ಯಾವ ಮನೆಯ ಮಹಿಳೆ ಪೆಟ್ಟು ತಿನ್ನುತ್ತಿದ್ದಾಳೆ ಎಂಬುದು ಓಣಿಗೆಲ್ಲ ತಿಳಿದಿರುತ್ತದೆ. ಆದರೂ ಠಾಣೆಯ ಕಡತದಲ್ಲಿ ಅದರ ಸುಳಿವಿರುವುದು ಅಪರೂಪ. ಆದ್ದರಿಂದ ದೂರುಗಳ ಸಂಖ್ಯೆ ಕಡಿಮೆ ಇರುವುದನ್ನು ಕಂಡು ತಮ್ಮ ವ್ಯಾಪ್ತಿಯಲ್ಲಿ ಹಿಂಸೆ ಇಲ್ಲವೆಂದು ಗ್ರಾಮ ಪಂಚಾಯಿತಿ ಸದಸ್ಯರು ಭಾವಿಸುವುದು ಸರಿಯಾಗಲಾರದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರ ಪೈಕಿ ಶೇ. 44.4ರಷ್ಟು ಮಂದಿ ಪತಿಯಿಂದ ಹಿಂಸೆ ಅನುಭವಿಸಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 20.6 ಇತ್ತು. ಈ ಏರಿಕೆಯಲ್ಲಿ ಹಿಂಸೆ ಹೆಚ್ಚಿದ್ದೆಷ್ಟು, ಹೇಳಿಕೊಳ್ಳುವ ಧೈರ್ಯ ಹೆಚ್ಚಿದ್ದೆಷ್ಟು ಎಂಬುದನ್ನು ಅಂಕಿಗಳಷ್ಟೇ ಬೇರ್ಪಡಿಸಿ ಹೇಳಲಾರವು. ದೇಶದ ಮಟ್ಟದಲ್ಲಿ, ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದವರಲ್ಲಿ ನೆರವು ಕೋರಿದವರು ಶೇ. 14 ಮಾತ್ರ, ಶೇ. 77ರಷ್ಟು ಮಂದಿ ನೆರವು ಕೋರುವುದಿರಲಿ, ಯಾರಿಗೂ ಹೇಳಿಕೊಂಡೂ ಇಲ್ಲ. ಕೋರಿದವರಲ್ಲಿಯೂ ಹೆಚ್ಚಿನವರು ಮೊದಲು ಹೋದದ್ದು ತವರಿಗೆ. ಪೊಲೀಸರ ಬಳಿ ಹೋದವರು ತೀರ ಕೆಲವರು.

ಮೌನಕ್ಕೆ ಭಯವೊಂದೇ ಕಾರಣವಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು, ಹೇಳದೆ ಹೊರಗೆ ಹೋದಳು, ಅತ್ತೆ ಮಾವಂದಿರಿಗೆ ಎದುರು ಮಾತಾಡಿದಳು ಎಂಬಂತಹ ಯಾವುದಾದರೂ ಒಂದು ಕಾರಣಕ್ಕೆ ಹೆಂಡತಿಯನ್ನು ಹೊಡೆಯುವುದು ಸರಿ ಎಂದು ಅದೇ ಸಮೀಕ್ಷೆಯಲ್ಲಿ ರಾಜ್ಯದ ಶೇ. 76.9ರಷ್ಟು ಮಹಿಳೆಯರು, ಶೇ. 81.9ರಷ್ಟು ಪುರುಷರು ಹೇಳಿದ್ದಾರೆ. ಪೆಟ್ಟನ್ನು ತನ್ನ ತಪ್ಪಿಗೆ ದೊರೆತ ಶಿಕ್ಷೆಯೆಂದು ತಿಳಿದವಳಿಗೆ ದೂರು ಕೊಡುವ ಯೋಚನೆಯೇ ಹುಟ್ಟುವುದಿಲ್ಲ. ಆರೋಗ್ಯ ಕೇಂದ್ರದಲ್ಲಿ ಆಕೆ "ಕಾಲು ಜಾರಿ ಬಿದ್ದೆ" ಎನ್ನುತ್ತಾಳೆ, ಚೀಟಿಯಲ್ಲಿಯೂ ಅದೇ ಬರೆಯಲ್ಪಡುತ್ತದೆ. ಮುಂದೊಂದು ದಿನ ನ್ಯಾಯಾಲಯಕ್ಕೆ ಹೋದಾಗ ಆ ಚೀಟಿ ಆಕೆಗೆ ನೆರವಾಗುವುದಿಲ್ಲ.

ಎರಡನೆಯದು ಬದುಕಿನ ಲೆಕ್ಕಾಚಾರ. ಬಾಳೆ, ಕಬ್ಬು, ಭತ್ತದ ಗದ್ದೆಗಳಲ್ಲಿ ಇಬ್ಬರೂ ದುಡಿದರೆ ಮಾತ್ರ ನಡೆಯುವ ಸಂಸಾರದಲ್ಲಿ ಗಂಡ ಜೈಲಿಗೆ ಹೋದರೆ ಅರ್ಧ ಕೂಲಿ ನಿಂತಂತೆ. ಮನೆ ಮಾವನ ಹೆಸರಿನಲ್ಲಿರುತ್ತದೆ, ಪಡಿತರ ಚೀಟಿ ಆ ಮನೆಯದಾಗಿರುತ್ತದೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಮಾತಿನ ನೆರಳಲ್ಲಿರುವ ತವರಿನಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಇರಲಾಗುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ ಪ್ರಯಾಣ ಉಚಿತವಾಗಿದೆ ನಿಜ. ಆದರೆ ಒಬ್ಬಳೇ ಎಲ್ಲಿಗೆ ಹೊರಟಿರುವೆ ಎಂದು ಬಸ್ ನಿಲ್ದಾಣದಲ್ಲಿ ಕೇಳುವವರ ಕಣ್ಣು ತಪ್ಪಿಸುವುದು ಸುಲಭವಲ್ಲ.

ಮೂರನೆಯ ಕಾರಣ ಸದಸ್ಯರಿಗೆ ಹಿತವೆನಿಸದಿರಬಹುದು. ನೊಂದ ಮಹಿಳೆ ಠಾಣೆಗಿಂತ ಮೊದಲು ಬರುವುದು ಊರ ಹಿರಿಯರ ಬಳಿಗೆ, ಹಲವು ವೇಳೆ ಸದಸ್ಯರ ಮನೆಗೇ. ಅಲ್ಲಿ "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆ ಹೇಳಿ, ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡು, ಆಕೆಯನ್ನು ಮರಳಿ ಕಳುಹಿಸಲಾಗುತ್ತದೆ. ಮನೆಯ ಮಾತನ್ನು ಕಟ್ಟೆಗೆ ತಂದಳೆಂಬುದೇ ಮುಂದಿನ ಪೆಟ್ಟಿಗೆ ನೆಪವಾಗುತ್ತದೆ. ಎರಡು ಬಾರಿ ಹೀಗಾದವಳು ಮೂರನೆಯ ಬಾರಿ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಇಂತಹ ಹಿಂಸೆಯನ್ನು ರಾಜಿಯಲ್ಲಿ ತೀರ್ಮಾನಿಸುವ ಅಧಿಕಾರವನ್ನು ಯಾವ ಕಾನೂನೂ ಗ್ರಾಮ ಪಂಚಾಯಿತಿಗೆ ನೀಡಿಲ್ಲ. ಮಹಿಳಾ ಸದಸ್ಯೆಯನ್ನು ಹುಡುಕಿಕೊಂಡು ಬಂದವಳಿಗೆ ಸದಸ್ಯೆಯ ಪತಿಯೇ ಉತ್ತರ ಕೊಡುವ ರೂಢಿಯೂ ಇಲ್ಲಿ ಗಮನಾರ್ಹ.

ಇಷ್ಟರ ಮೇಲೂ ಧೈರ್ಯ ಮಾಡುವ ಮಹಿಳೆಯನ್ನು ತಡೆಯುವುದು ಒಂದು ತಪ್ಪು ತಿಳಿವಳಿಕೆ. ಬಹುಪಾಲು ಮಹಿಳೆಯರಿಗೆ ಬೇಕಿರುವುದು ಹೊಡೆತ ನಿಲ್ಲುವುದು. ಗಂಡ ಜೈಲಿಗೆ ಹೋಗುವುದಲ್ಲ. ಕಾನೂನೆಂದರೆ ಕ್ರಿಮಿನಲ್ ಮೊಕದ್ದಮೆ ಒಂದೇ ಎಂದು ಆಕೆ ತಿಳಿದಿರುತ್ತಾಳೆ. ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ಅಂದರೆ ಹಿಂದಿನ 498ಎ, ಆ ಬಗೆಯದು. ಆದರೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005ರ ದಾರಿಯೇ ಬೇರೆ. ಇದಕ್ಕೆ ಎಫ್‌ಐಆರ್ ಬೇಕಿಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಸಂರಕ್ಷಣಾಧಿಕಾರಿಗಳೂ ಆಗಿರುತ್ತಾರೆ. ಅವರು ಘಟನಾ ವರದಿ ಸಿದ್ಧಪಡಿಸಿ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸುತ್ತಾರೆ. ಮಹಿಳೆಯ ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನಗಳೊಳಗೆ ನಡೆಯಬೇಕು, ಅಲ್ಲಿಂದ 60 ದಿನಗಳಲ್ಲಿ ಇತ್ಯರ್ಥಕ್ಕೆ ಯತ್ನಿಸಬೇಕು ಎಂದು ಕಾನೂನು ಹೇಳುತ್ತದೆ, ಆಚರಣೆಯಲ್ಲಿ ತಡವಾಗುವುದುಂಟು. ಹೊಡೆಯಬಾರದೆಂಬ ಆದೇಶ, ಜೀವನಾಂಶ, ಮಕ್ಕಳ ತಾತ್ಕಾಲಿಕ ಸುಪರ್ದು, ಅದೇ ಮನೆಯಲ್ಲಿ ವಾಸಿಸುವ ಹಕ್ಕು ಇವೆಲ್ಲ ಆಕೆಗೆ ದೊರೆಯಬಲ್ಲವು. ಮನೆ ಮಾವನ ಹೆಸರಿನಲ್ಲಿದ್ದರೂ ಅದು ಕೂಡು ವಾಸದ ಮನೆ ಆಗಬಹುದೆಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 15ರಂದು ಹೇಳಿದೆ. ರಕ್ಷಣಾ ಆದೇಶವನ್ನು ಮುರಿದರೆ ಮಾತ್ರ ಅದು ಅಪರಾಧ: ಒಂದು ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ.

ನಮ್ಮ ಭಾಗಕ್ಕೆ ವಿಶೇಷವಾದ ಒಂದು ತೊಡಕಿದೆ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ ಇತ್ತ, ಕಂಪ್ಲಿ ಮತ್ತು ಸಂಡೂರು ಬಳ್ಳಾರಿ ಜಿಲ್ಲೆಯತ್ತ ಉಳಿದವು. ಬೀಗತನಗಳು ಮಾತ್ರ ಜಿಲ್ಲೆಯ ಗಡಿ ನೋಡುವುದಿಲ್ಲ. ಕಂಪ್ಲಿಗೆ ಕೊಟ್ಟ ಮಗಳು ಪೆಟ್ಟು ತಿಂದು ಬುಕ್ಕಸಾಗರದ ತವರಿಗೆ ಬಂದಾಗ, ದೂರು ಗಂಡನ ಊರಿನಲ್ಲೇ ಕೊಡಬೇಕೆಂದು ಹೇಳಿ ಕಳುಹಿಸುವುದು ತಪ್ಪು. ಆಕೆ ತಾತ್ಕಾಲಿಕವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೂ ಈ ಅಧಿನಿಯಮದ 27ನೇ ಕಲಂ ಅಧಿಕಾರ ಕೊಟ್ಟಿದೆ. ಆಶ್ರಯ ಪಡೆದ ಊರಿನಲ್ಲಿಯೇ 498ಎ ದೂರು ನೀಡಬಹುದೆಂದು 2019ರ ಏಪ್ರಿಲ್‌ನಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ.

ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ್ದರೂ, ಅದರ ಬಲೆಯಲ್ಲಿ ಬದುಕಿದ ಮಹಿಳೆಯರು ಈ ತಾಲ್ಲೂಕುಗಳಲ್ಲಿ ಇದ್ದಾರೆ. ಮದುವೆಯ ದಾಖಲೆ ಇಲ್ಲದ ತಮ್ಮ ಮಾತನ್ನು ಯಾರು ಕೇಳುತ್ತಾರೆ ಎಂಬುದು ಅವರ ಅಳುಕು. ವಿವಾಹದ ಸ್ವರೂಪದ ಸಂಬಂಧವೂ ಅಧಿನಿಯಮದ ವ್ಯಾಪ್ತಿಯಲ್ಲಿದೆ. ಅದು ಅನ್ವಯವಾಗುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ಸದಸ್ಯರದಲ್ಲ.

ಸದಸ್ಯರು ತಿಳಿದಿರಬೇಕಾದ ಇನ್ನೊಂದು ಅಂಶ 4ನೇ ಕಲಂನಲ್ಲಿದೆ. ಹಿಂಸೆ ನಡೆದಿದೆ ಅಥವಾ ನಡೆಯುವ ಸಂಭವವಿದೆ ಎಂದು ನಂಬಲು ಕಾರಣವಿರುವ ಯಾವ ವ್ಯಕ್ತಿಯಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ನೀಡಬಹುದು. ಸದುದ್ದೇಶದಿಂದ ನೀಡಿದ ಮಾಹಿತಿಗಾಗಿ ಆತನ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ. ಆದರೆ ಆಕೆಯನ್ನು ಕೇಳದೆ ಮುಂದುವರಿದರೆ ಅಪಾಯ ಆಕೆಗೇ. ಮಹಿಳಾ ಗ್ರಾಮ ಸಭೆಯಲ್ಲಿ ಎಲ್ಲರೆದುರು ಹೆಸರು ಹಿಡಿದು ವಿಚಾರಿಸುವುದೂ ಬೇಡ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಪ್ರತ್ಯೇಕವಾಗಿ ಮಾತನಾಡಿಸಬಹುದು. ಮಹಿಳಾ ಸಹಾಯವಾಣಿ 181, ತುರ್ತು ನೆರವಿಗೆ 112, ಉಚಿತ ಕಾನೂನು ನೆರವಿಗೆ 15100. ಮಹಿಳೆಯರಿಗೆ ಈ ಕಾನೂನು ನೆರವು ದೊರೆಯಲು ಆದಾಯದ ಮಿತಿ ಇಲ್ಲ. ಈ ಮೂರು ಸಂಖ್ಯೆಗಳನ್ನು ಪಂಚಾಯಿತಿ ಕಚೇರಿಯ ಗೋಡೆಯ ಜೊತೆಗೆ, ಹೆಂಗಸರು ಮಾತ್ರ ಓಡಾಡುವ ಸಮುದಾಯ ಶೌಚಾಲಯದ ಒಳಗೋಡೆಯ ಮೇಲೂ ಬರೆಸತಕ್ಕದ್ದು.