ಲೆಕ್ಕ ಸರಿ, ಆಟ ತಪ್ಪು: ಡೆಮೊ ಯಾಕೆ ಬೇಕು?

ಆಟವೊಂದು ಪೂರ್ತಿ ತಯಾರಾಗುವ ಮೊದಲೇ ನಾಲ್ಕು ಜನರಿಗೆ ಆಡಲು ಕೊಡುವ ಅರ್ಧಂಬರ್ಧ ರೂಪಕ್ಕೆ ಡೆಮೊ ಎನ್ನುತ್ತಾರೆ. ನಮ್ಮಲ್ಲಿ ಹಲವರು ಆಡುವ ಮೈನ್‌ಕ್ರಾಫ್ಟ್ ಕೂಡ ಹೀಗೇ ಶುರುವಾಯಿತು. ಸ್ವೀಡನ್ನಿನ ಮಾರ್ಕಸ್ ಪರ್ಸನ್ ಅದರ ಮೊದಲ ರೂಪವನ್ನು 2009ರ ಮೇ ತಿಂಗಳಲ್ಲಿ ಜನರ ಮುಂದಿಟ್ಟರು. ಪೂರ್ಣ ಆಟ ಬಂದದ್ದು 2011ರ ನವೆಂಬರ್‌ನಲ್ಲಿ. ನಡುವಿನ ಎರಡೂವರೆ ವರ್ಷ ಆಡಿದವರು ಹೇಳುತ್ತಾ ಹೋದರು, ಆಟ ಬದಲಾಗುತ್ತಾ ಹೋಯಿತು.

ಕಳೆದ ರಜೆಯಲ್ಲಿ ನಾನೂ ಒಂದು ಆಟ ಮಾಡಿದೆ: ನಮ್ಮ ತುಳುನಾಡಿನ ಚೆನ್ನೆಮಣೆ. ಅದಕ್ಕೆ ಬಳಸಿದ್ದು ಎಂಐಟಿಯಲ್ಲಿ ಹುಟ್ಟಿದ ಸ್ಕ್ರ್ಯಾಚ್. ಅದು ಉಚಿತ, ಮಾಡಿದ್ದನ್ನು ಲಿಂಕ್ ಮೂಲಕ ಕಳುಹಿಸಿದರೆ ಫೋನಿನ ಬ್ರೌಸರ್‌ನಲ್ಲೇ ಆಡಬಹುದು. ಮಣೆಯಲ್ಲಿ ಏಳೇಳರಂತೆ ಎರಡು ಸಾಲು, ಒಟ್ಟು 14 ಗುಳಿ. ಗುಳಿಗೆ ನಾಲ್ಕರಂತೆ 56 ಕಾಯಿ.

ಮೊದಲು ಆಟದ ನಡುವೆ ಕಾಯಿ ಮಾಯವಾಗುತ್ತಿತ್ತು. ಗುಳಿಗಳಲ್ಲಿರುವ ಕಾಯಿ, ಇಬ್ಬರೂ ಗೆದ್ದ ಕಾಯಿ ಎಲ್ಲ ಕೂಡಿದರೆ ಯಾವಾಗಲೂ 56 ಬರಬೇಕು. ಪ್ರತಿ ನಡೆಯ ನಂತರ ಆ ಮೊತ್ತ ಪರದೆಯ ಮೇಲೆ ಕಾಣುವಂತೆ ಮಾಡಿದೆ. 55 ಬಂದಲ್ಲಿ ತಪ್ಪು ಸಿಕ್ಕಿತು: ಕೊನೆಯ ಗುಳಿಯಿಂದ ಮೊದಲನೆಯದಕ್ಕೆ ತಿರುಗುವ ಬದಲು, ಇಲ್ಲದ 15ನೇ ಗುಳಿಗೆ ಕಾಯಿ ಬೀಳುತ್ತಿತ್ತು.

ಲೆಕ್ಕ ತಾಳೆಯಾಯಿತು, ಕೆಲಸ ಮುಗಿಯಿತು ಅಂದುಕೊಂಡೆ. ಆದರೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಪುಸ್ತಕದಲ್ಲಿ ತಪ್ಪಿಲ್ಲ ಎಂದಲ್ಲ. ಯಂತ್ರ ಕೊಂಡದ್ದನ್ನು ಖರೀದಿ ಖಾತೆಗೆ ಬರೆದರೂ ಎರಡು ಬದಿ ಸಮವಾಗಿಯೇ ಇರುತ್ತವೆ.

ನನ್ನ ಆಟದಲ್ಲೂ ಅದೇ ಆಯಿತು. ಪಕ್ಕದ ಮನೆಯ ಅಜ್ಜಿ ನಾಲ್ಕು ನಡೆ ಆಡಿ, "ಇದು ಚೆನ್ನೆ ಅಲ್ಲ ಮಗಾ" ಅಂದರು. ಕೈಯ ಕಾಯಿ ಮುಗಿದಾಗ ಮುಂದಿನ ಗುಳಿಯಲ್ಲಿ ಕಾಯಿ ಇದ್ದರೆ ಸರದಿ ಮುಗಿಯುವಂತೆ ನಾನು ಮಾಡಿದ್ದೆ. ಅವರ ಆಟದಲ್ಲಿ ಆ ಕಾಯಿ ಎತ್ತಿ ಮತ್ತೆ ಹಂಚುತ್ತಾ ಹೋಗಬೇಕು. ಮುಂದಿನ ಗುಳಿ ಖಾಲಿ ಸಿಕ್ಕಾಗ ಅದರಾಚೆಯ ಗುಳಿಯ ಕಾಯಿ ನಮ್ಮದು, ಸರದಿ ಅಲ್ಲಿಗೆ ಮುಗಿಯಿತು. ನಮ್ಮದು ಉರ್ದು ಮಾತಾಡುವ ಮನೆ, ಮಣೆ ಇರಲಿಲ್ಲ. ನಾನು ಅಲ್ಲಿ ಇಲ್ಲಿ ಕೇಳಿದ ನಿಯಮ ಅರ್ಧವೇ ಆಗಿತ್ತು. ಹಾಗೇ ಎಲ್ಲೆಡೆ ಹಂಚಿದ್ದರೆ, ಮಣೆಯನ್ನೇ ನೋಡದ ಮಕ್ಕಳು ಅದನ್ನೇ ಚೆನ್ನೆ ಅಂದುಕೊಳ್ಳುತ್ತಿದ್ದರು.

ನೀವೂ ಆಟ ಮಾಡುವುದಾದರೆ ಡೆಮೊವನ್ನು ಮೊದಲು ಐದಾರು ಜನರಿಗೆ ಮಾತ್ರ ಕೊಡಿ. ಅವರಲ್ಲಿ ಆಟ ಗೊತ್ತಿದ್ದವರೂ ಇರಲಿ, ಗೊತ್ತಿಲ್ಲದವರೂ ಇರಲಿ. ಏನು ಬಾಕಿಯಿದೆ ಎಂದು ಮೊದಲೇ ಹೇಳಿ. ಆಮೇಲೆ ವಿವರಿಸದೆ ಸುಮ್ಮನೆ ನೋಡಿ. ಗೆಳೆಯನೊಬ್ಬ "ಸೂಪರ್" ಅಂದ. ಅದರಿಂದ ತಿದ್ದಲು ಏನೂ ಸಿಗಲಿಲ್ಲ. ಅವನ ಬೆರಳು ನೋಡಿದಾಗ, ತನ್ನ ಸಾಲು ಯಾವುದೆಂದೇ ಅವನಿಗೆ ತಿಳಿದಿಲ್ಲ ಎಂದು ಗೊತ್ತಾಯಿತು. "ಚೆನ್ನಾಗಿದೆಯಾ?" ಎನ್ನುವುದಕ್ಕಿಂತ "ಎಲ್ಲಿ ಗೊಂದಲವಾಯಿತು?" ಎಂದು ಕೇಳುವುದು ಒಳ್ಳೆಯದು. ಆಡುವವರ ಫೋನ್ ನಂಬರ್ ಕೇಳಬೇಡಿ. ಹಣ ಪಣಕ್ಕಿಡುವುದಂತೂ ಬೇಡವೇ ಬೇಡ; ಅಂಥ ಆನ್‌ಲೈನ್ ಆಟಗಳನ್ನು ಕೇಂದ್ರದ 2025ರ ಕಾಯ್ದೆ ನಿಷೇಧಿಸಿದೆ.

ಅಜ್ಜಿ ಹೇಳಿದ್ದನ್ನು ಸೇರಿಸಿ ಈಗ ಎರಡನೇ ಡೆಮೊ ಮಾಡಿದ್ದೇನೆ. ಒಂದೊಂದು ಮನೆಯಲ್ಲಿ ಒಂದೊಂದು ಕ್ರಮವಿದೆ ಎಂದೂ ಅವರೇ ಹೇಳಿದರು. ನಿಮ್ಮ ಮನೆಯ ಅಟ್ಟದಲ್ಲಿ ಮಣೆಯಿದ್ದರೆ, ಹಿರಿಯರನ್ನು ಕೇಳಿಕೊಂಡು ಊಟದ ಬಿಡುವಿನಲ್ಲಿ ವಾಣಿಜ್ಯ ತರಗತಿಗೆ ಬನ್ನಿ. ಆಡಿ ನೋಡಿ, ತಪ್ಪಿದ್ದರೆ ಹೇಳಿ.